ಚಿತ್ರ ನಿರ್ದೇಶಕನ ಏಳುಬೀಳು: ಪುಟ್ಟಣ್ಣ ಕಣಗಾಲರ ಬಾಳಿನಿಂದ ಒಂದು ವಿವೇಚನೆ

(ಅಂತಿಮ ಬಿ. ಎ. ತರಗತಿ)

ಕವಿಯೊಬ್ಬನ ಕವನ ಜನಕ್ಕೆ ಒಪ್ಪಿಗೆಯಾಗದೆ ಹೋದರೆ ಅವನಿಗಾಗುವ ನಷ್ಟ ಹೆಚ್ಚೆಂದರೆ ಒಂದು ದಸ್ತು ಕಾಗದ, ನಾಲ್ಕು ರಾತ್ರಿಯ ನಿದ್ದೆ. ಚಲನಚಿತ್ರ ನಿರ್ದೇಶಕನ ಪಾಡು ಹಾಗಲ್ಲ. ಅವನ ಕಲೆಗೆ ಬೇಕಾದ ಹಣ ನಿರ್ಮಾಪಕನದು, ಕಥೆ ಕಾದಂಬರಿಕಾರನದು, ಮುಖ ನಟನಟಿಯರದು, ಕಣ್ಣು ಛಾಯಾಗ್ರಾಹಕನದು, ಕೊನೆಯ ತೀರ್ಪು ಟಿಕೇಟು ಕೊಂಡು ಒಳಗೆ ಬಂದ ಪ್ರೇಕ್ಷಕನದು. ಇಷ್ಟು ಜನರನ್ನು ಒಂದು ನೊಗಕ್ಕೆ ಹೂಡಿ ಬಂಡಿ ಸಾಗಿಸುವವನು ನಿರ್ದೇಶಕ. ಬಂಡಿ ಊರು ಸೇರಿದರೆ ಹೂವಿನ ಹಾರ. ನಡುದಾರಿಯಲ್ಲಿ ಮುರಿದರೆ ದೂರೆಲ್ಲ ಅವನೊಬ್ಬನ ಮೇಲೆ. ಈ ಕಾರಣದಿಂದಲೇ ನಿರ್ದೇಶಕರ ಬಾಳಿನಲ್ಲಿ ಏಳುಬೀಳುಗಳು ಇತರ ಕಲಾವಿದರಿಗಿಂತ ಹೆಚ್ಚು. ಇದಕ್ಕೆ ಜನ ಸಾಮಾನ್ಯವಾಗಿ ಕೊಡುವ ಕಾರಣ ಹಣೆಬರಹ. ಆ ಮಾತು ಎಷ್ಟರ ಮಟ್ಟಿಗೆ ನಿಜ ಎಂಬುದನ್ನು ಕನ್ನಡದ ಹೆಸರಾಂತ ನಿರ್ದೇಶಕ ಪುಟ್ಟಣ್ಣ ಕಣಗಾಲರ ಬಾಳನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಪುಟ್ಟಣ್ಣನವರು ಹುಟ್ಟಿದ್ದು ೧೯೩೩ರ ಡಿಸೆಂಬರ್ ೧ರಂದು, ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲಿನಲ್ಲಿ. ಮನೆಯವರಿಟ್ಟ ಹೆಸರು ಸೀತಾರಾಮ ಶರ್ಮ. ಅಣ್ಣ ಕಣಗಾಲ್ ಪ್ರಭಾಕರ ಶಾಸ್ತ್ರಿಗಳು ಚಿತ್ರಗಳಿಗೆ ಹಾಡು, ಸಂಭಾಷಣೆ ಬರೆದು ಹೆಸರಾದವರು. ಮನೆಯ ಬಡತನದಿಂದಾಗಿ ಪುಟ್ಟಣ್ಣನವರು ಹೊಟ್ಟೆಪಾಡಿಗಾಗಿ ಹಲವು ಸಣ್ಣಪುಟ್ಟ ಕೆಲಸಗಳನ್ನು ಮಾಡಬೇಕಾಯಿತು. ಕಡೆಗೆ ಅವರು ಸೇರಿದ್ದು ಬಿ. ಆರ್. ಪಂತುಲು ಅವರ ಬಳಿಗೆ. ‘ಸ್ಕೂಲ್ ಮಾಸ್ಟರ್’, ‘ಕಿತ್ತೂರು ಚೆನ್ನಮ್ಮ’ ಮುಂತಾದ ಚಿತ್ರಗಳನ್ನು ಕೊಟ್ಟ ಪಂತುಲು ಅವರ ಗರಡಿಯಲ್ಲಿ ಸಹಾಯಕರಾಗಿ ಪಳಗಿದರು. ಅವರು ಸ್ವತಂತ್ರವಾಗಿ ನಿರ್ದೇಶಿಸಿದ ಮೊದಲ ಚಿತ್ರ ಕನ್ನಡದ್ದಲ್ಲವೆಂಬುದು ಕುತೂಹಲದ ಸಂಗತಿ. ೧೯೬೪ರಲ್ಲಿ ‘ಸ್ಕೂಲ್ ಮಾಸ್ಟರ್’ ಚಿತ್ರವನ್ನೇ ಅವರು ಮಲಯಾಳದಲ್ಲಿ ಮಾಡಿದರು. ೧೯೬೬ರಲ್ಲಿ ತ್ರಿವೇಣಿಯವರ ‘ಬೆಕ್ಕಿನ ಕಣ್ಣು’ ಕಾದಂಬರಿಯನ್ನೂ ಮೊದಲು ತೆರೆಗೆ ತಂದದ್ದು ಮಲಯಾಳದಲ್ಲಿಯೇ. ತಾಯ್ನುಡಿಯ ಬಾಗಿಲು ತೆರೆಯುವ ಮುನ್ನ ನೆರೆಯವರ ಅಂಗಳದಲ್ಲಿ ಅವರು ದುಡಿದಿದ್ದರು.

ಆ ಬಾಗಿಲು ತೆರೆದದ್ದು ೧೯೬೭ರಲ್ಲಿ, ‘ಬೆಳ್ಳಿಮೋಡ’ದಿಂದ. ಇದೂ ತ್ರಿವೇಣಿಯವರ ಕಾದಂಬರಿಯೇ. ಚಿಕ್ಕಮಗಳೂರು ಸೀಮೆಯ ಕಾಫಿ ತೋಟದ ಒಡೆಯನ ಮಗಳು ಇಂದಿರೆ. ಅವಳ ತಂದೆಯ ಹಣದಿಂದ ಪರದೇಶಕ್ಕೆ ಹೋಗಿ ಓದಿ ಬರುವ ಮೋಹನ, ಅವಳಿಗೊಬ್ಬ ತಮ್ಮ ಹುಟ್ಟಿ ಆಸ್ತಿ ಕೈತಪ್ಪುವುದನ್ನು ಕಂಡು ಮದುವೆಯಿಂದ ಹಿಂಜರಿಯುತ್ತಾನೆ. ಮುಂದೆ ಅವನು ಗಾಯಗೊಂಡು ಮಲಗಿದಾಗ ಅವಳೇ ಶುಶ್ರೂಷೆ ಮಾಡುತ್ತಾಳೆ; ಆದರೆ ಮನಸ್ಸು ತಿರುಗಿಸಿಕೊಂಡು ಬಂದವನನ್ನು ಮದುವೆಯಾಗಲು ಒಪ್ಪುವುದಿಲ್ಲ. ಕಥೆಯ ಕೊನೆಗೆ ಮಂಗಳವಾದ್ಯ ಮೊಳಗಲೇಬೇಕೆಂಬ ವಾಡಿಕೆಯಿದ್ದ ಕಾಲದಲ್ಲಿ ಹೆಣ್ಣೊಬ್ಬಳು ‘ಒಲ್ಲೆ’ ಎನ್ನುವ ಚಿತ್ರವನ್ನು ಕೊಡುವುದು ಸಾಮಾನ್ಯ ಧೈರ್ಯವಲ್ಲ. ಜನ ಅದನ್ನು ಮೆಚ್ಚಿದರು. ಇಂದಿರೆಯ ಪಾತ್ರ ವಹಿಸಿದ ಕಲ್ಪನಾ ಕನ್ನಡಿಗರ ಮನೆಮಾತಾದರು. ತ್ರಿವೇಣಿಯವರು ಮಾತ್ರ ೧೯೬೩ರಲ್ಲಿಯೇ ತೀರಿಕೊಂಡಿದ್ದುದರಿಂದ ಇದಾವುದನ್ನೂ ಕಾಣಲಿಲ್ಲ.

ಅಲ್ಲಿಂದ ಮುಂದಿನ ಆರೇಳು ವರ್ಷ ಏರುವ ಕಾಲ. ೧೯೬೯ರಲ್ಲಿ ಎಂ. ಕೆ. ಇಂದಿರಾ ಅವರ ಕಾದಂಬರಿಯಿಂದ ‘ಗೆಜ್ಜೆಪೂಜೆ’ ಬಂದಿತು. ಓದಬೇಕು, ಎಲ್ಲರಂತೆ ಮದುವೆಯಾಗಿ ಬಾಳಬೇಕು ಎಂದು ಹಂಬಲಿಸುವ ಚಂದ್ರೆಗೆ ಹುಟ್ಟಿದ ಮನೆಯ ಕುಲಕಸುಬೇ ಕೊರಳ ಉರುಳಾಗುವ ಕಥೆ ಅದು. ಈ ಚಿತ್ರದ ಚಿತ್ರಕಥೆಗಾಗಿ ಪುಟ್ಟಣ್ಣನವರಿಗೆ ರಾಷ್ಟ್ರಪ್ರಶಸ್ತಿ ಬಂದಿತು. ೧೯೭೧ರ ‘ಶರಪಂಜರ’ದಲ್ಲಿ ಕಾವೇರಿ ಎಂಬ ಗೃಹಿಣಿ ಹೆರಿಗೆಯ ನಂತರ ಬುದ್ಧಿಭ್ರಮಣೆಗೆ ಒಳಗಾಗುತ್ತಾಳೆ, ಆಸ್ಪತ್ರೆಯಲ್ಲಿ ಗುಣ ಹೊಂದಿ ಮನೆಗೆ ಮರಳುತ್ತಾಳೆ. ಆದರೆ ಗಂಡನಾಗಲಿ ನೆರೆಹೊರೆಯಾಗಲಿ ಅವಳನ್ನು ಮತ್ತೆ ಮನುಷ್ಯಳೆಂದು ಕಾಣುವುದಿಲ್ಲ. ಆ ನೋಟಗಳೇ ಅವಳನ್ನು ಮತ್ತೆ ಹುಚ್ಚಿಗೆ ನೂಕುತ್ತವೆ.

ಈ ಚಿತ್ರದ ಬಲವೇನೆಂಬುದು ನನಗೆ ತಿಳಿದದ್ದು ವಿಮರ್ಶೆಯ ಪುಸ್ತಕಗಳಿಂದಲ್ಲ. ಭಾಲ್ಕಿ ತಾಲ್ಲೂಕಿನ ನಮ್ಮೂರಿನ ಮನೆಯಲ್ಲಿ ಅದನ್ನು ಟೀವಿಯಲ್ಲಿ ನೋಡಿದ ನನ್ನ ಅವ್ವ, ಅಕ್ಷರ ಬಾರದವಳು, ಒಂದೇ ಮಾತು ಹೇಳಿದಳು: ‘ಆಕಿಗಿ ಹಿಡ್ದ ಹುಚ್ಚ ಬಿಟ್ಟದ, ಮಂದಿಗಿ ಹಿಡ್ದಿದ್ದೇ ಬಿಟ್ಟಿಲ್ಲ ನೋಡು.’ ತ್ರಿವೇಣಿಯವರ ಕಾದಂಬರಿಯನ್ನು ಅವಳು ಎಂದೂ ಓದಲಾರಳು. ಆದರೂ ಕಾದಂಬರಿಯ ತಿರುಳು ಅವಳಿಗೆ ಮುಟ್ಟಿತು. ಔರಾದ ತಾಲ್ಲೂಕಿನಿಂದ ನಮ್ಮ ಕಾಲೇಜಿಗೆ ಬರುವ ಗೆಳೆಯನ ಮನೆಮಾತು ಮರಾಠಿ. ಅವನ ಮನೆಯಲ್ಲಿಯೂ ಈ ಚಿತ್ರದ ಕಥೆ ಗೊತ್ತು. ಮೈಸೂರು ಸೀಮೆಯ ಲೇಖಕಿಯರ ನೋವನ್ನು ಬೀದರದ ಹಳ್ಳಿಯ ಹೊಸ್ತಿಲಿಗೆ ತಂದು ಮುಟ್ಟಿಸಿದ್ದು ಪುಟ್ಟಣ್ಣನವರ ದೊಡ್ಡ ಕೆಲಸವೆಂದು ನಾನು ಭಾವಿಸುವೆನು.

೧೯೭೨ರ ‘ನಾಗರಹಾವು’ ಅವರ ಕೀರ್ತಿಯ ಶಿಖರ. ತ. ರಾ. ಸುಬ್ಬರಾಯರ ಮೂರು ಕಾದಂಬರಿಗಳನ್ನು ಹೆಣೆದು, ಚಿತ್ರದುರ್ಗದ ಕೋಟೆಯನ್ನೇ ಒಂದು ಪಾತ್ರವೆಂಬಂತೆ ನಿಲ್ಲಿಸಿದ ಚಿತ್ರವದು. ನಾಯಕ ರಾಮಾಚಾರಿಯ ಪಾತ್ರ ವಿಷ್ಣುವರ್ಧನರಿಗೆ, ಜಲೀಲನ ಪಾತ್ರ ಅಂಬರೀಷರಿಗೆ ಚಿತ್ರರಂಗದ ದಾರಿ ತೆರೆಯಿತು. ಚಾಮಯ್ಯ ಮೇಷ್ಟರಾದ ಕೆ. ಎಸ್. ಅಶ್ವಥ್ ಅವರನ್ನು ಅಧ್ಯಾಪಕರೆಲ್ಲ ಇಂದಿಗೂ ನೆನೆಯುವರು. ಮರುವರ್ಷ ಭಾರತೀಸುತರ ಕಾದಂಬರಿಯಿಂದ ‘ಎಡಕಲ್ಲು ಗುಡ್ಡದ ಮೇಲೆ’ ಬಂದು ಆ ಕೀರ್ತಿಯನ್ನು ಗಟ್ಟಿಗೊಳಿಸಿತು.

ಇನ್ನು ಇಳಿಜಾರಿನ ಮಾತು. ಬೀಳುಗಳು ಕೊನೆಗಾಲದಲ್ಲಿ ಮಾತ್ರ ಬಂದವೆಂದು ತಿಳಿಯುವುದು ತಪ್ಪು. ‘ಶರಪಂಜರ’ ಬಂದ ವರ್ಷವೇ ಬಂದ ‘ಸಾಕ್ಷಾತ್ಕಾರ’ದಲ್ಲಿ ರಾಜಕುಮಾರ್, ಜಮುನಾ, ಹಿಂದಿಯ ಹಿರಿಯ ನಟ ಪೃಥ್ವಿರಾಜ್ ಕಪೂರ್ ಮೂವರೂ ಇದ್ದರು. ಹಾಡುಗಳು ಇಂದಿಗೂ ಕೇಳಿಬರುತ್ತವೆ. ಆದರೆ ಚಿತ್ರ ಆಗ ನಿರೀಕ್ಷೆಯಷ್ಟು ನಡೆಯಲಿಲ್ಲ. ಕನ್ನಡದಲ್ಲಿ ಗೆದ್ದ ‘ನಾಗರಹಾವು’ ೧೯೭೪ರಲ್ಲಿ ‘ಜಹರೀಲಾ ಇನ್ಸಾನ್’ ಎಂಬ ಹೆಸರಿನಿಂದ, ಋಷಿ ಕಪೂರರನ್ನು ನಾಯಕನನ್ನಾಗಿ ಮಾಡಿಕೊಂಡು ಹಿಂದಿಗೆ ಹೋಗಿ ಸೋತಿತು. ಅದೇ ಕಥೆ, ಅದೇ ನಿರ್ದೇಶಕ. ಸೋಲು ಗೆಲುವು ಮಾತ್ರ ಬೇರೆ. ಚಿತ್ರದುರ್ಗದ ಮಣ್ಣಿನಲ್ಲಿ ಬೇರೂರಿದ ಗಿಡವನ್ನು ಕಿತ್ತು ಬೇರೆಡೆ ನೆಟ್ಟರೆ ಅದು ಚಿಗುರುವುದೆಂಬ ಭರವಸೆ ಇರುವುದಿಲ್ಲ.

ಆ ಮೇಲಿನ ವರ್ಷಗಳಲ್ಲಿಯೂ ಅವರು ಸುಮ್ಮನೆ ಕುಳಿತವರಲ್ಲ. ೧೯೭೬ರಲ್ಲಿ ಗಿರಡ್ಡಿ ಗೋವಿಂದರಾಜ, ವೀಣಾ, ಈಶ್ವರಚಂದ್ರ ಈ ಮೂವರ ಸಣ್ಣಕಥೆಗಳನ್ನು ಒಂದೇ ಚಿತ್ರದಲ್ಲಿ ಸೇರಿಸಿ ‘ಕಥಾಸಂಗಮ’ ಮಾಡಿದರು. ಅದೇ ವರ್ಷ ಬಿ. ಜಿ. ಎಲ್. ಸ್ವಾಮಿಯವರ ‘ಕಾಲೇಜು ರಂಗ’ವನ್ನೂ ತೆರೆಗೆ ತಂದರು. ೧೯೭೮ರಲ್ಲಿ ಹಳ್ಳಿಯ ದಬ್ಬಾಳಿಕೆಯನ್ನು ಕುರಿತ ‘ಪಡುವಾರಳ್ಳಿ ಪಾಂಡವರು’, ೧೯೮೧ರಲ್ಲಿ ನಾಟಕ ಕಂಪನಿಯ ನಟಿಯ ಬಾಳನ್ನು ಕುರಿತ ‘ರಂಗನಾಯಕಿ’, ೧೯೮೨ರಲ್ಲಿ ರೋಗಿಯನ್ನು ಪ್ರೀತಿಸಿದ ಮನೋವೈದ್ಯನೇ ಹುಚ್ಚನಾಗುವ ‘ಮಾನಸ ಸರೋವರ’ ಬಂದವು. ಈ ಚಿತ್ರಗಳನ್ನು ಮೆಚ್ಚುವವರು ಇಂದಿಗೂ ಇರುವರು. ಆದರೆ ೧೯೮೩ರ ‘ಧರಣಿ ಮಂಡಲ ಮಧ್ಯದೊಳಗೆ’ಯ ಹೊತ್ತಿಗೆ ಹಿಂದಿನ ಬಿಗಿ ಸಡಿಲಿತ್ತೆಂಬುದನ್ನು ಅಭಿಮಾನಿಗಳೂ ಒಪ್ಪಬೇಕಾಗುತ್ತದೆ.

ಇದಕ್ಕೆ ಕಾರಣಗಳೇನು? ಮೊದಲನೆಯದು, ಅವರು ದೊಡ್ಡ ತಾರೆಯರ ನೆರಳಿನಲ್ಲಿ ನಿಲ್ಲಲಿಲ್ಲ. ರಾಜಕುಮಾರರೊಡನೆ ಮೂರು ಚಿತ್ರ ಮಾಡಿ, ೧೯೭೧ರ ನಂತರ ಮತ್ತೆ ಮಾಡಲಿಲ್ಲ. ‘ಶರಪಂಜರ’ದ ನಂತರ ಕಲ್ಪನಾ ಅವರೂ ಅವರ ಚಿತ್ರಗಳಲ್ಲಿ ಕಾಣಿಸಲಿಲ್ಲ. ಹೊಸ ಮುಖಗಳನ್ನು ತಂದು ತಿದ್ದಿ ತೀಡುವರು. ಅವರು ತಾರೆಗಳಾದ ಮೇಲೆ ಮತ್ತೆ ಹೊಸಬರನ್ನು ಹುಡುಕುವರು. ಬೆಳೆ ಬಂದ ಹೊಲ ಬಿಟ್ಟು ಪ್ರತಿ ವರ್ಷ ಪಾಳು ಭೂಮಿಗೆ ನೇಗಿಲು ಹೂಡುವ ರೈತನಂತೆ. ಎರಡನೆಯದು, ಪೆಟ್ಟು ತಿಂದ ಮನಸ್ಸೇ ಅವರ ನೆಚ್ಚಿನ ವಸ್ತು. ಮೊದಲು ಹೊಸತೆನಿಸಿದ ಅದು ಹಲವು ಸಲ ಬಂದಾಗ ಅತಿಯಾದ ಕಣ್ಣೀರೆನಿಸಿತು. ಕಾಲವೂ ಬದಲಾಗಿ ಎಪ್ಪತ್ತರ ದಶಕದ ಕೊನೆಗೆ ಜನ ಹೊಡೆದಾಟದ ಚಿತ್ರಗಳತ್ತ ತಿರುಗಿದ್ದರು. ಮೂರನೆಯದು ಕನ್ನಡದ ಮಾರುಕಟ್ಟೆಯೇ ಚಿಕ್ಕದು. ೧೯೫೬ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ನಮ್ಮ ಬೀದರದಂತಹ ಗಡಿ ಸೀಮೆಗಳಲ್ಲಿ ಹಿಂದಿ, ತೆಲುಗು, ಮರಾಠಿ ಚಿತ್ರಗಳ ನಡುವೆ ಕನ್ನಡ ಚಿತ್ರ ತನ್ನ ಪ್ರೇಕ್ಷಕನನ್ನು ಹುಡುಕಿಕೊಳ್ಳಬೇಕು. ಇಷ್ಟು ಕಿರಿದಾದ ಕಣದಲ್ಲಿ ಒಂದು ಚಿತ್ರದ ನಷ್ಟವನ್ನು ತುಂಬಿಕೊಳ್ಳುವುದು ಸುಲಭವಲ್ಲ.

ಗಮನಿಸಿದರೆ, ಇವುಗಳಲ್ಲಿ ಮೊದಲ ಎರಡು ಕಾರಣಗಳೇ ಹಿಂದೆ ಅವರ ಏಳಿಗೆಗೂ ಕಾರಣವಾಗಿದ್ದವು. ಹೊಸಮುಖಗಳನ್ನು ನಂಬಿದ್ದರಿಂದಲೇ ‘ನಾಗರಹಾವು’, ನೊಂದ ಮನಸ್ಸನ್ನು ಬಿಡದೆ ಹಿಡಿದುದರಿಂದಲೇ ‘ಶರಪಂಜರ’. ಏರಿಸಿದ ಏಣಿಯೇ ಇಳಿಸಿತು ಎನ್ನಬೇಕು. ಹಣೆಬರಹಕ್ಕೆ ಇಲ್ಲಿ ಹೆಚ್ಚು ಕೆಲಸವಿಲ್ಲ.

ಇದು ಕನ್ನಡಕ್ಕೆ ಮಾತ್ರ ಸೀಮಿತವೆ ಎಂಬ ಸಂದೇಹ ವಾಚಕರಿಗೆ ಬರಬಹುದು. ಅದಕ್ಕಾಗಿ ಹೊರನಾಡಿನ ಒಬ್ಬ ನಿರ್ದೇಶಕನನ್ನು ಪಕ್ಕದಲ್ಲಿಟ್ಟು ನೋಡೋಣ. ಇಂಗ್ಲೆಂಡಿನ ಡೇವಿಡ್ ಲೀನ್ ಹುಟ್ಟಿದ್ದು ೧೯೦೮ರಲ್ಲಿ, ಸಿನಿಮಾ ನೋಡುವುದೇ ನಿಷಿದ್ಧವಾಗಿದ್ದ ಕ್ವೇಕರ್ ಪಂಥದ ಮನೆಯಲ್ಲಿ. ಸ್ಟುಡಿಯೋದಲ್ಲಿ ಚಹಾ ತಂದುಕೊಡುವ ಹುಡುಗನಾಗಿ ಸೇರಿ, ಸಂಕಲನ ಕಲಿತು ನಿರ್ದೇಶಕನಾದನು. ‘ದಿ ಬ್ರಿಜ್ ಆನ್ ದಿ ರಿವರ್ ಕ್ವಾಯ್’ (೧೯೫೭), ‘ಲಾರೆನ್ಸ್ ಆಫ್ ಅರೇಬಿಯಾ’ (೧೯೬೨) ಈ ಎರಡೂ ಚಿತ್ರಗಳಿಗೆ ಏಳೇಳು ಆಸ್ಕರ್ ಪ್ರಶಸ್ತಿಗಳು ಬಂದವು. ದೊಡ್ಡ ಬಯಲು, ದೀರ್ಘ ಕಥೆ, ಪ್ರತಿ ದೃಶ್ಯಕ್ಕೂ ದಿನಗಟ್ಟಲೆ ಕಾಯುವ ಹಟ ಇವೇ ಅವನ ಹೆಗ್ಗಳಿಕೆ. ೧೯೭೦ರಲ್ಲಿ ‘ರಯಾನ್ಸ್ ಡಾಟರ್’ ಬಂದಾಗ ವಿಮರ್ಶಕರು ಆ ಗುಣಗಳನ್ನೇ ದೋಷಗಳೆಂದು ಎತ್ತಿ ಆಡಿದರು. ನ್ಯೂಯಾರ್ಕಿನಲ್ಲಿ ಅವರೆಲ್ಲ ಎದುರಿಗೆ ಕುಳಿತು ಆಡಿದ ಟೀಕೆಗೆ ಲೀನ್ ಎಷ್ಟು ನೊಂದನೆಂದರೆ ಮುಂದೆ ಹದಿನಾಲ್ಕು ವರ್ಷ ಅವನ ಯಾವ ಕಥಾಚಿತ್ರವೂ ತೆರೆಗೆ ಬರಲಿಲ್ಲ.

ಆ ಮೌನವನ್ನು ಅವನು ಮುರಿದದ್ದು ನಮ್ಮ ನಾಡಿನಲ್ಲಿಯೇ ಎಂಬುದು ಹೆಮ್ಮೆಯ ಸಂಗತಿ. ಇಂಗ್ಲಿಷ್ ಸಾಹಿತ್ಯದ ವಿದ್ಯಾರ್ಥಿಗಳು ಬಲ್ಲ ಇ. ಎಂ. ಫಾರ್ಸ್ಟರನ ‘ಎ ಪ್ಯಾಸೇಜ್ ಟು ಇಂಡಿಯಾ’ ಕಾದಂಬರಿಯನ್ನು ಚಿತ್ರಿಸಲು ಲೀನ್ ೧೯೮೩ರಲ್ಲಿ ಬೆಂಗಳೂರಿಗೆ ಬಂದನು. ಕಾದಂಬರಿಯ ಮರಬಾರ್ ಗುಹೆಗಳಿಗಾಗಿ ಸಾವನದುರ್ಗ, ರಾಮನಗರದ ಬಂಡೆಗಳನ್ನು ಆರಿಸಿಕೊಂಡನು. ೧೯೮೪ರಲ್ಲಿ ಚಿತ್ರ ಹೊರಬಂದು ಎರಡು ಆಸ್ಕರ್‌ಗಳನ್ನು ಪಡೆಯಿತು. ಆಗ ಅವನಿಗೆ ಎಪ್ಪತ್ತಾರು ವರ್ಷ. ಅದೇ ೧೯೮೪ರಲ್ಲಿ ಐವತ್ತರ ಪುಟ್ಟಣ್ಣನವರು ‘ಅಮೃತ ಘಳಿಗೆ’ ಮತ್ತು ಅನುಪಮಾ ನಿರಂಜನರ ಕಾದಂಬರಿಯಾಧರಿಸಿದ ‘ಋಣಮುಕ್ತಳು’ ಎಂಬ ಎರಡು ಚಿತ್ರಗಳನ್ನು ಕೊಟ್ಟರು.

ಇಬ್ಬರ ನಡುವಿನ ವ್ಯತ್ಯಾಸ ಇಲ್ಲಿದೆ. ಲೀನನಿಗೆ ನೊಂದಾಗ ಸುಮ್ಮನಿರುವಷ್ಟು ಅನುಕೂಲವಿತ್ತು. ಜಗತ್ತಿನ ತುಂಬ ಓಡಿದ ಚಿತ್ರಗಳ ಗಳಿಕೆ ಬೆನ್ನಿಗಿತ್ತು. ಪುಟ್ಟಣ್ಣನವರಿಗೆ ಆ ಸೌಲಭ್ಯವಿರಲಿಲ್ಲ. ಸೋತ ಮರುದಿನವೇ ಮುಂದಿನ ಚಿತ್ರಕ್ಕೆ ಕಥೆ ಹುಡುಕಬೇಕು, ನಿರ್ಮಾಪಕನನ್ನು ಒಪ್ಪಿಸಬೇಕು. ೧೯೬೭ರಿಂದ ಕೊನೆಯವರೆಗೆ ಅವರು ಕನ್ನಡದಲ್ಲಿಯೇ ಇಪ್ಪತ್ತಕ್ಕೂ ಹೆಚ್ಚು ಚಿತ್ರ ಮಾಡಿದರು. ಅವುಗಳಲ್ಲಿ ಜೊಳ್ಳು ಇದ್ದಿತಾದರೆ ಅದು ಬಿಡುವಿಲ್ಲದ ದುಡಿಮೆಯ ಬೆಲೆ. ‘ಮಸಣದ ಹೂವು’ ಚಿತ್ರದ ಕೆಲಸ ನಡೆದಿರುವಾಗಲೇ, ೧೯೮೫ರ ಜೂನ್ ೫ರಂದು ಅವರು ತೀರಿಕೊಂಡರು. ಆಗ ಅವರ ವಯಸ್ಸು ಐವತ್ತೊಂದು. ಉಳಿದ ಕೆಲಸವನ್ನು ಕೆ. ಎಸ್. ಎಲ್. ಸ್ವಾಮಿಯವರು ಮುಗಿಸಿಕೊಟ್ಟರು. ಆ ಕೊನೆಯ ಚಿತ್ರದಲ್ಲಿಯೂ ಅವರು ಅಪರ್ಣಾ ಎಂಬ ಹೊಸ ಹುಡುಗಿಯನ್ನು ತಂದಿದ್ದರು. ೨೦೨೪ರಲ್ಲಿ ತೀರಿಕೊಂಡ ಅಪರ್ಣಾ ತಮ್ಮ ಅಚ್ಚಗನ್ನಡದ ನಿರೂಪಣೆಯಿಂದ ನಾಡಿಗೆಲ್ಲ ಪರಿಚಿತರಾದುದನ್ನು ಎಲ್ಲರೂ ಬಲ್ಲರು.

ಕಾಲ ಈಗ ಲೆಕ್ಕವನ್ನು ಬೇರೆಯಾಗಿ ಬರೆದಿದೆ. ನಿರ್ದೇಶಕರಿಗೆ ಕರ್ನಾಟಕ ಸರ್ಕಾರ ಕೊಡುವ ಪ್ರಶಸ್ತಿಗೆ ಪುಟ್ಟಣ್ಣನವರ ಹೆಸರಿದೆ. ‘ನಾಗರಹಾವು’ ೨೦೧೮ರಲ್ಲಿ ಹೊಸ ತಂತ್ರಜ್ಞಾನದ ಮೆರುಗಿನೊಂದಿಗೆ ಮತ್ತೆ ತೆರೆಗೆ ಬಂದಿತು. ನಮ್ಮ ಬೀದರದ ಬಿದ್ರಿ ಕುಶಲಕರ್ಮಿಗಳು ಹೂಜಿಯ ಮೇಲೆ ಬೆಳ್ಳಿಯ ಕುಸುರಿ ಕೂಡಿಸಿ, ಕೊನೆಗೆ ಕೋಟೆಯ ಮಣ್ಣು ಬೆರೆಸಿದ ದ್ರಾವಣ ಹಚ್ಚುವರು. ಉಳಿದ ಲೋಹವೆಲ್ಲ ಕಪ್ಪಾಗುವುದು. ಬೆಳ್ಳಿ ಹಾಗೆಯೇ ಉಳಿಯುವುದು. ಕಾಲವೂ ಕಲಾವಿದನ ಕೃತಿಗಳಿಗೆ ಮಾಡುವುದು ಇದನ್ನೇ.

ಈ ವಿಷಯವನ್ನು ನಮ್ಮ ಕಾಲೇಜಿನ ಸಂಚಿಕೆಗೆ ಆರಿಸಿಕೊಳ್ಳಲು ಕಾರಣವಿದೆ. ನಮ್ಮಲ್ಲಿ ಅನೇಕರು ತಮ್ಮ ಮನೆಯಿಂದ ಕಾಲೇಜಿಗೆ ಬಂದವರಲ್ಲಿ ಮೊದಲಿಗರು, ನಾನೂ ಅವರಲ್ಲೊಬ್ಬ. ಓದಿದವರ ಮನೆಯ ಹುಡುಗ ಒಂದು ಪರೀಕ್ಷೆಯಲ್ಲಿ ಬಿದ್ದರೆ ‘ಈ ಸಲ ಬಿದ್ದ’ ಎನ್ನುವರು. ನಮ್ಮಂಥವರು ಬಿದ್ದರೆ ‘ಇವರಿಗೆ ಓದು ಹತ್ತುವುದಿಲ್ಲ’ ಎನ್ನುವರು. ಒಂದು ಸೋಲನ್ನು ಇಡೀ ಮನುಷ್ಯನ ಸೋಲೆಂದು, ಇಡೀ ಮನೆತನದ ಸೋಲೆಂದು ಎಣಿಸುವ ಈ ತೀರ್ಪು ಎಷ್ಟೋ ಮಂದಿಯನ್ನು, ಮುಖ್ಯವಾಗಿ ಹೆಣ್ಣುಮಕ್ಕಳನ್ನು, ಓದು ಬಿಡಿಸಿ ಮನೆಯಲ್ಲಿ ಕೂರಿಸಿದೆ. ಹದಿನಾಲ್ಕು ವರ್ಷ ಸುಮ್ಮನಿದ್ದು ಮರಳುವ ಸೌಲಭ್ಯ ನಮಗಿಲ್ಲ. ನಮಗಿರುವುದು ಪುಟ್ಟಣ್ಣನವರ ದಾರಿ: ಬಿದ್ದ ಚಿತ್ರದ ಲೆಕ್ಕ ಒಪ್ಪಿಸಿ ಮುಂದಿನ ಚಿತ್ರಕ್ಕೆ ಕೂರುವುದು. ಅಧ್ಯಾಪಕರಲ್ಲಿಯೂ ಹಿರಿಯರಲ್ಲಿಯೂ ನನ್ನ ವಿನಂತಿಯಿಷ್ಟೆ: ಒಬ್ಬನನ್ನು ಅಳೆಯುವಾಗ ಒಂದು ಶುಕ್ರವಾರದ ಗಳಿಕೆಯನ್ನು ನೋಡಬೇಡಿರಿ, ಅವನು ಮಾಡಿದ ಕೆಲಸವನ್ನೆಲ್ಲ ಮುಂದಿಟ್ಟುಕೊಂಡು ನೋಡಿರಿ.