ಹಳೆಯ ಟ್ರೇಲರಿನ ಪರೀಕ್ಷೆ

ಅರಸೀಕೆರೆ ತಾಲ್ಲೂಕಿನ ಕಣಕಟ್ಟೆ ಹೋಬಳಿ ತೆಂಗು ಮತ್ತು ರಾಗಿಯ ನಾಡು. ಇಲ್ಲಿಯ ಬೆಳೆ ತೋಟದಿಂದ ಮನೆಗೆ, ಮನೆಯಿಂದ ಅರಸೀಕೆರೆಯ ಇಲ್ಲವೆ ತಿಪಟೂರಿನ ಮಾರುಕಟ್ಟೆಗೆ ಸಾಗಬೇಕು. ಒಂದು ಕಾಲದಲ್ಲಿ ಈ ಕೆಲಸವನ್ನು ಜೋಡೆತ್ತಿನ ಗಾಡಿ ಮಾಡುತ್ತಿತ್ತು. ಇಂದು ಬಹುಮಟ್ಟಿಗೆ ಟ್ರ್ಯಾಕ್ಟರು ಎಳೆಯುವ ಟ್ರೇಲರು ಮಾಡುತ್ತಿದೆ. ಹೊಸ ಟ್ರೇಲರನ್ನು ಕೊಳ್ಳುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಆದುದರಿಂದ ಹಳೆಯದನ್ನು ಕೊಳ್ಳುವುದು ವಾಡಿಕೆ. ಹಾಗೆ ಕೊಳ್ಳುವಾಗ ಒಂದೆರಡು ವರ್ಷಗಳ ಉಳಿತಾಯವೆಲ್ಲವೂ ಒಂದೇ ಮಾತುಕತೆಯಲ್ಲಿ ಕೈಬಿಟ್ಟು ಹೋಗುತ್ತದೆ.

ಅಮೆರಿಕ, ಯೂರೋಪುಗಳಲ್ಲಿ ಟ್ರೇಲರ್ ಎಂದರೆ ಕಾರಿನ ಹಿಂದೆ ಕಟ್ಟಿಕೊಂಡು ಪ್ರವಾಸ ಹೊರಡುವ ಗಾಲಿಯ ಮನೆಯೂ ಹೌದು. ಅಲ್ಲಿಯೂ ಹಣದ ಅನುಕೂಲ ಕಡಿಮೆ ಇರುವವರು ಹಳೆಯದನ್ನೇ ಹುಡುಕುತ್ತಾರೆ. ಆ ಮನೆಗಾಡಿಗೂ ನಮ್ಮ ಕಾಯಿ ತುಂಬುವ ಟ್ರೇಲರಿಗೂ ರೂಪದಲ್ಲಿ ಅಜಗಜಾಂತರ. ಆದರೆ ಎರಡನ್ನೂ ಪರೀಕ್ಷಿಸುವ ಭೌತಶಾಸ್ತ್ರ ಒಂದೇ.

ಕಳೆದ ಬೇಸಗೆಯಲ್ಲಿ ನಮ್ಮ ವಿದ್ಯಾರ್ಥಿಯೊಬ್ಬನ ತಂದೆ ಕಣಕಟ್ಟೆಯ ಕಡೆ ಎರಡು ಹಳೆಯ ಟ್ರೇಲರುಗಳನ್ನು ನೋಡಿ ಬಂದಿದ್ದರು. ಒಂದಕ್ಕೆ ಹೊಸದಾಗಿ ಕೆಂಪು ಬಣ್ಣ ಬಳಿದಿತ್ತು, ಬೆಲೆಯೂ ಕಡಿಮೆ. ಇನ್ನೊಂದು ಬಣ್ಣಗೆಟ್ಟು ತುಕ್ಕು ಹಿಡಿದಂತೆ ಕಾಣುತ್ತಿತ್ತು, ಬೆಲೆ ಹೆಚ್ಚು. “ಮೇಷ್ಟ್ರೇ, ನೀವು ಫಿಸಿಕ್ಸ್ ಪಾಠ ಹೇಳುವವರು. ಯಾವುದು ಒಳ್ಳೆಯದು ಹೇಳಿ” ಎಂದು ಅವರು ನಮ್ಮನ್ನು ಕೇಳಿದರು. ಒಂದು ಭಾನುವಾರ ಅವರೊಡನೆ ಹೊರಟೆವು. ನಮ್ಮ ಚೀಲದಲ್ಲಿ ಇದ್ದುದು ಹಿಗ್ಗದ ಒಂದು ಹಗ್ಗ, ಒಂದು ಅಯಸ್ಕಾಂತ, ಒಂದು ಸಣ್ಣ ಸುತ್ತಿಗೆ, ಇಷ್ಟೆ. ಇವುಗಳಿಂದ ಏನನ್ನು ತಿಳಿಯಬಹುದು ಎಂಬುದೇ ಈ ಲೇಖನದ ವಿಷಯ.

ಹಗ್ಗದ ಮೂರು ಅಳತೆಗಳು

ಟ್ರೇಲರಿನ ಜೀವ ಅದರ ಚಾಸಿಯಲ್ಲಿ, ಎಂದರೆ ಕೆಳಗಿನ ಕಬ್ಬಿಣದ ಚೌಕಟ್ಟಿನಲ್ಲಿ ಇದೆ. ಮೇಲಿನ ಹಲಗೆ ತಗಡುಗಳನ್ನು ಬದಲಿಸಬಹುದು. ತಿರುಚಿದ ಚಾಸಿಯನ್ನು ಸರಿಪಡಿಸುವುದು ಸುಲಭವಲ್ಲ. ಎದುರುಬದುರಿನ ಬಾಹುಗಳು ಸಮನಾಗಿದ್ದು ಕರ್ಣಗಳೂ ಸಮನಾಗಿದ್ದರೆ ಆ ಚತುರ್ಭುಜ ಆಯತವೇ ಆಗಿರಬೇಕೆಂದು ರೇಖಾಗಣಿತದಲ್ಲಿ ಓದಿದ್ದೇವೆ. ಚೌಕಟ್ಟಿನ ಒಂದು ಮೂಲೆಯಿಂದ ಎದುರು ಮೂಲೆಗೆ ಹಗ್ಗ ಹಿಡಿದು ಗಂಟು ಹಾಕಿರಿ. ಅದೇ ಹಗ್ಗವನ್ನು ಇನ್ನೊಂದು ಕರ್ಣಕ್ಕೆ ಹಿಡಿಯಿರಿ. ಗಂಟು ಮೂಲೆಗೆ ಸರಿಯಾಗಿ ಬಾರದಿದ್ದರೆ ಚೌಕಟ್ಟು ವಾರೆಯಾಗಿದೆ ಎಂದರ್ಥ.

ಎರಡನೆಯ ಅಳತೆ ಎರಡು ಗಾಲಿಯ ಟ್ರೇಲರಿಗೆ ಸಂಬಂಧಿಸಿದ್ದು. ಟ್ರ್ಯಾಕ್ಟರಿಗೆ ಸಿಕ್ಕಿಸುವ ಮುಂದಿನ ಬಳೆಯ ನಡುವಿನಿಂದ ಎಡಗಾಲಿಯ ಕೇಂದ್ರಕ್ಕೂ ಬಲಗಾಲಿಯ ಕೇಂದ್ರಕ್ಕೂ ಇರುವ ದೂರಗಳು ಸಮನಾಗಿರಬೇಕು. ಎಂದರೆ ಆ ಮೂರು ಬಿಂದುಗಳು ಸಮದ್ವಿಬಾಹು ತ್ರಿಭುಜವನ್ನು ರಚಿಸಬೇಕು. ಇಲ್ಲದಿದ್ದರೆ ಅಚ್ಚು ಓರೆಯಾಗಿ ಕುಳಿತಿದೆ. ಅಂಥ ಟ್ರೇಲರು ಟ್ರ್ಯಾಕ್ಟರಿನ ಜಾಡಿನಲ್ಲಿ ನೇರವಾಗಿ ಬಾರದೆ ಏಡಿಯಂತೆ ಪಕ್ಕಕ್ಕೆ ಸರಿದು ಬರುತ್ತದೆ. ಗಾಲಿಗಳ ನಡುವಿನ ಅಂತರ 160 ಸೆಂಟಿಮೀಟರು, ಮುಂದಿನ ಬಳೆಯಿಂದ ಅಚ್ಚಿಗೆ ಮೂರೂವರೆ ಮೀಟರು ಇರಲಿ. ಹಗ್ಗದ ಎರಡು ಅಳತೆಗಳಲ್ಲಿ 8 ಸೆಂಟಿಮೀಟರು ವ್ಯತ್ಯಾಸ ಬಂದರೆ ಗಾಲಿಗಳು ಸುಮಾರು 18 ಸೆಂಟಿಮೀಟರಿನಷ್ಟು, ಗೇಣಿಗೆ ಸಮೀಪ, ಪಕ್ಕಕ್ಕೆ ಸರಿದೇ ಓಡುತ್ತವೆ. ಕಿರಿದಾದ ಮೋರಿಯ ಮೇಲೆ, ಕೆರೆಯ ಏರಿಯ ಮೇಲೆ ಒಂದು ಗೇಣು ಸಣ್ಣ ಮಾತಲ್ಲ.

ಮೂರನೆಯದು ಅಚ್ಚು ಬಾಗಿದೆಯೆ ಎಂಬ ಪರೀಕ್ಷೆ. ಅಚ್ಚಿನ ಮಟ್ಟದಲ್ಲಿ ಎರಡು ಟೈರುಗಳ ಮುಂಭಾಗದ ನಡುವಣ ಅಂತರವನ್ನೂ ಹಿಂಭಾಗದ ನಡುವಣ ಅಂತರವನ್ನೂ ಅಳೆಯಿರಿ. ಟೈರಿನ ವ್ಯಾಸ 80 ಸೆಂಟಿಮೀಟರು ಎಂದೂ ಈ ಅಂತರಗಳ ವ್ಯತ್ಯಾಸ 2 ಸೆಂಟಿಮೀಟರು ಎಂದೂ ಇಟ್ಟುಕೊಳ್ಳಿರಿ. ಆಗ ಒಂದೊಂದು ಗಾಲಿಯೂ 80ರಲ್ಲಿ 1ರಷ್ಟು ಓರೆಯಾಗಿದೆ. ಗಾಲಿಯು 80 ಮೀಟರು ಉರುಳುವಷ್ಟರಲ್ಲಿ 1 ಮೀಟರು ಅಡ್ಡಕ್ಕೆ ಉಜ್ಜಲ್ಪಡುತ್ತದೆ. ಒಂದು ಕಿಲೋಮೀಟರಿಗೆ ಹನ್ನೆರಡೂವರೆ ಮೀಟರು. ಭಾರ ಹೊತ್ತ ರಬ್ಬರನ್ನು ಹೀಗೆ ದಿನವೂ ರಸ್ತೆಗೆ ತೇದರೆ ಹೊಸ ಟೈರೂ ಎಷ್ಟು ದಿನ ಬಾಳೀತು?

ಬಣ್ಣದ ಅಡಿಯಲ್ಲಿ

ಕಬ್ಬಿಣವು ನೀರು ಮತ್ತು ಆಮ್ಲಜನಕಗಳೊಡನೆ ಸೇರಿ ತುಕ್ಕಾಗುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಸ್ಥಳವನ್ನು ಆಕ್ರಮಿಸುವುದರಿಂದ ಅದರ ಮೇಲಿನ ಬಣ್ಣ ಗುಳ್ಳೆಯಂತೆ ಉಬ್ಬುತ್ತದೆ. ರಸಗೊಬ್ಬರದ ಲವಣಗಳು, ಗಂಜಲ ತೊಯ್ದ ಗೊಬ್ಬರ, ಒದ್ದೆ ಮರಳು ಇವು ತುಕ್ಕನ್ನು ಬೇಗನೆ ಬೆಳೆಸುತ್ತವೆ. ಆದುದರಿಂದ ಈ ಟ್ರೇಲರು ಮೊದಲು ಏನನ್ನು ಹೊರುತ್ತಿತ್ತು ಎಂದು ವಿಚಾರಿಸುವುದು ಲೇಸು.

ಮೇಲ್ಮೈಯಲ್ಲಿ ಮಾತ್ರ ಹರಡಿದ ತೆಳು ತುಕ್ಕಿಗೆ ಹೆದರಬೇಕಾಗಿಲ್ಲ. ಉಜ್ಜಿದರೆ ಗಟ್ಟಿ ಲೋಹ ಕಾಣುತ್ತದೆ. ಹೆದರಬೇಕಾದುದು ತುಕ್ಕನ್ನು ಮರೆಸುವ ಹೊಸ ಬಣ್ಣಕ್ಕೆ. ತೂತುಗಳಿಗೆ ಪುಟ್ಟಿ ಮೆತ್ತಿ ಬಣ್ಣ ಬಳಿದಿದ್ದರೆ ಕಣ್ಣಿಗೆ ಗೊತ್ತಾಗದು, ಅಯಸ್ಕಾಂತಕ್ಕೆ ಗೊತ್ತಾಗುತ್ತದೆ. ಕಬ್ಬಿಣಕ್ಕೂ ಅಯಸ್ಕಾಂತಕ್ಕೂ ನಡುವೆ ಸ್ವಲ್ಪ ದೂರ ಬಿದ್ದರೂ ಆಕರ್ಷಣೆ ಬಹಳ ಕುಗ್ಗುತ್ತದೆ. ಚೌಕಟ್ಟಿನುದ್ದಕ್ಕೂ ಅಯಸ್ಕಾಂತವನ್ನು ಸರಿಸುತ್ತ ಹೋಗಿ ಹಿಡಿತ ಎಲ್ಲಿ ಸಡಿಲವಾಯಿತೋ ಅಲ್ಲಿ ನಿಲ್ಲಿರಿ.

ಬೆಸುಗೆ ಹಾಕಿದ ಕಡೆಗಳಲ್ಲಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿರಿ. ಮಡಕೆಯನ್ನು ಕೊಳ್ಳುವ ಮೊದಲು ಬೆರಳಿನಿಂದ ತಟ್ಟಿ ನೋಡುವ ಗೃಹಿಣಿ ಮಾಡುವುದೂ ಇದೇ ಪ್ರಯೋಗ. ಇಡಿಯಾದ ಲೋಹದಲ್ಲಿ ಕಂಪನ ತಡೆಯಿಲ್ಲದೆ ಹರಿದು ಸದ್ದು ಸ್ವಲ್ಪ ಹೊತ್ತು ನಿಲ್ಲುತ್ತದೆ. ಬಿರುಕಿದ್ದರೆ ಅದರ ಎರಡು ಮುಖಗಳು ಒಂದಕ್ಕೊಂದು ಉಜ್ಜಿ ಕಂಪನದ ಶಕ್ತಿಯನ್ನು ನುಂಗುವುದರಿಂದ ಸದ್ದು ಬೇಗನೆ ಸಾಯುತ್ತದೆ. ಮುಂದಿನ ಬಳೆಯನ್ನೂ ಅದು ಚಾಸಿಗೆ ಸೇರುವ ಸ್ಥಳವನ್ನೂ ವಿಶೇಷವಾಗಿ ಪರೀಕ್ಷಿಸಿರಿ. ತಂತಿಯೊಂದನ್ನು ಹಿಂದಕ್ಕೂ ಮುಂದಕ್ಕೂ ಮತ್ತೆ ಮತ್ತೆ ಬಾಗಿಸಿದರೆ ಅದು ಕಡೆಗೊಮ್ಮೆ ತುಂಡಾಗುತ್ತದೆ. ಪ್ರತಿ ಏಟಿಗೂ ಪ್ರತಿ ಎಳೆತಕ್ಕೂ ಒಳಗಾಗುವ ಈ ಕೊಂಡಿಯಲ್ಲಿಯೂ ಲೋಹ ಹಾಗೆಯೇ ದಣಿಯುತ್ತದೆ. ಬಳೆ ಸವೆದು ಅಂಡಾಕಾರವಾಗಿದ್ದರೆ ಅದನ್ನು ಬದಲಿಸದೆ ಟ್ರೇಲರನ್ನು ರಸ್ತೆಗೆ ಇಳಿಸತಕ್ಕದ್ದಲ್ಲ.

ಗಾಲಿಯ ಮಾತು

ಟೈರಿನ ಸವೆತವು ಓದಬಲ್ಲವರಿಗೆ ಒಂದು ಚರಿತ್ರೆ. ಎರಡು ಅಂಚುಗಳು ಸವೆದಿದ್ದರೆ ಗಾಳಿ ಕಡಿಮೆಯಿಟ್ಟು ಓಡಿಸಿದ್ದಾರೆ. ನಡುಭಾಗ ಸವೆದಿದ್ದರೆ ಗಾಳಿ ಹೆಚ್ಚಾಗಿತ್ತು. ಒಂದೇ ಪಕ್ಕ ಸವೆದಿದ್ದರೆ ಅಚ್ಚಿನ ಮೇಲೆ ಸಂದೇಹಪಡಿರಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕೆಗಳ ಒಂದು ಗುರುತು ಇರುತ್ತದೆ. ಅದು 2319 ಎಂದಿದ್ದರೆ ಆ ಟೈರು 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾಯಿತೆಂದು ತಿಳಿಯಬೇಕು. ಓಡದೆ ನಿಂತಿದ್ದರೂ ಗಾಳಿ ಬಿಸಿಲುಗಳಿಂದ ರಬ್ಬರು ಮುಪ್ಪಾಗಿ ಬಿರಿಯುತ್ತದೆ.

ಜಾಕಿಯಿಂದ ಗಾಲಿಯನ್ನು ಎತ್ತಿಸಿ, ಚಾಸಿಯ ಅಡಿಗೆ ಭದ್ರವಾದ ಆಧಾರ ಕೊಟ್ಟ ಮೇಲೆ ಗಾಲಿಯನ್ನು ತಿರುಗಿಸಿ ಕಿವಿಗೊಡಿರಿ. ಗರಗರ ಸದ್ದು ಬಂದರೆ, ಗಾಲಿಯ ಮೇಲುಭಾಗವನ್ನು ಹಿಡಿದು ಅಲುಗಿಸಿದಾಗ ಅದು ಓಲಾಡಿದರೆ ಬೇರಿಂಗು ಸವೆದಿದೆ ಇಲ್ಲವೆ ಸಡಿಲಾಗಿದೆ. ಕೀಲೆಣ್ಣೆ ಕಾಣದ ಗಾಡಿ ಕಿರುಗುಟ್ಟುವಂತೆ ಇದೂ ತನ್ನ ಕಷ್ಟವನ್ನು ಹೇಳಿಕೊಳ್ಳುತ್ತದೆ. ಏಳೆಂಟು ಕಿಲೋಮೀಟರು ಎಳೆಸಿ ಬಂದ ಮೇಲೆ ಎರಡು ಗಾಲಿಗಳ ನಡುಭಾಗಕ್ಕೂ ಕೈ ಸೋಕಿಸಿ ನೋಡಿರಿ. ಘರ್ಷಣೆಯಲ್ಲಿ ಕಳೆದುಹೋದ ಕೆಲಸ ಶಾಖವಾಗಿ ಅಲ್ಲಿಯೇ ಕಾಣಿಸಿಕೊಳ್ಳುತ್ತದೆ. ಒಂದಕ್ಕಿಂತ ಇನ್ನೊಂದು ಬಹಳ ಬಿಸಿಯಾಗಿದ್ದರೆ ದೋಷ ಅಲ್ಲಿದೆ.

ಒಕ್ಕಲಿಗನ ಸನ್ನೆ

ಎತ್ತಿನ ಗಾಡಿಗೆ ಹೇರು ಹೇರುವ ರೈತ ಮೂಕಿಯನ್ನು ಎತ್ತಿ ನೋಡಿ ಹೇರನ್ನು ಹಿಂದೆ ಮುಂದೆ ಸರಿಸುತ್ತಾನೆ. ಮುಂಭಾರ ಹೆಚ್ಚಿದರೆ ಎತ್ತುಗಳ ಹೆಗಲು ನೋಯುತ್ತದೆ. ಹಿಂಭಾರ ಹೆಚ್ಚಿದರೆ ನೊಗ ಮೇಲೇಳುತ್ತದೆ. ಎರಡು ಗಾಲಿಯ ಟ್ರೇಲರೂ ಇಂಥದೇ ಒಂದು ಸನ್ನೆ. ಅಚ್ಚು ಅದರ ಆನಿಕೆ. 3000 ಕಿಲೋಗ್ರಾಂ ಭಾರದ ಗುರುತ್ವಕೇಂದ್ರವು ಅಚ್ಚಿನಿಂದ 0.35 ಮೀಟರು ಮುಂದೆ ಇದ್ದು, ಬಳೆಯು 3.5 ಮೀಟರು ಮುಂದಿದ್ದರೆ ಟ್ರ್ಯಾಕ್ಟರಿನ ಮೇಲೆ ಬೀಳುವ ಭಾರ 300 ಕಿಲೋಗ್ರಾಂ, ಎಂದರೆ ನೂರಕ್ಕೆ ಹತ್ತು. ಕಾರಿನ ಹಿಂದಿನ ಮನೆಗಾಡಿಗಳಲ್ಲಿಯೂ ನೂರಕ್ಕೆ 10ರಿಂದ 15ರಷ್ಟು ಭಾರ ಮುಂದಕ್ಕೆ ಬೀಳಬೇಕೆಂಬುದೇ ಬಲ್ಲವರ ನಿಯಮ. ಹಿಂಭಾರವಾದರೆ ಕೊಂಡಿಯು ಮೇಲಕ್ಕೆ ಎತ್ತಿ ಟ್ರ್ಯಾಕ್ಟರಿನ ಹಿಂದಿನ ಗಾಲಿಗಳ ಹಿಡಿತ ತಪ್ಪುತ್ತದೆ. ಅತಿಯಾಗಿ ಮುಂಭಾರವಾದರೆ ಮುಂದಿನ ಗಾಲಿಗಳು ಹಗುರವಾಗಿ ಸ್ಟೀರಿಂಗು ಮಾತು ಕೇಳುವುದಿಲ್ಲ. ಬರಿದಾದ ಟ್ರೇಲರಿನ ಮುಂಭಾಗವನ್ನು ಎತ್ತಿ ನೋಡಿರಿ. ಅದು ತಾನಾಗಿ ಮೇಲೆದ್ದರೆ, ಹಿಂದಿನ ಮಾಲೀಕ ಡಬ್ಬಿಯನ್ನು ಹಿಂದಕ್ಕೆ ಉದ್ದ ಮಾಡಿಸಿರಬಹುದು. ಅಂಥದನ್ನು ಬಿಡುವುದು ಮೇಲು.

ಬ್ರೇಕಿನ ಲೆಕ್ಕ

ಹಳೆಯ ಟ್ರೇಲರುಗಳಲ್ಲಿ ಹಲವಕ್ಕೆ ಬ್ರೇಕು ಇಲ್ಲ, ಇದ್ದರೂ ಕೆಲಸ ಮಾಡುವುದಿಲ್ಲ. ಇದರ ಅರ್ಥವೇನೆಂದು ಲೆಕ್ಕ ಮಾಡೋಣ. 2000 ಕಿಲೋಗ್ರಾಂ ತೂಕದ ಟ್ರ್ಯಾಕ್ಟರು ಗಂಟೆಗೆ 20 ಕಿಲೋಮೀಟರು ವೇಗದಲ್ಲಿದೆ. ಬ್ರೇಕು 6000 ನ್ಯೂಟನ್ ಬಲವನ್ನು ಕೊಡುತ್ತದೆ ಎಂದುಕೊಂಡರೆ ಅದು ಸುಮಾರು 5 ಮೀಟರಿನಲ್ಲಿ ನಿಲ್ಲುತ್ತದೆ. ಈಗ ಹಿಂದೆ ಬ್ರೇಕಿಲ್ಲದ 5000 ಕಿಲೋಗ್ರಾಂ ಟ್ರೇಲರು ಸೇರಲಿ. ಬಲ ಅಷ್ಟೇ ಇದೆ, ದ್ರವ್ಯರಾಶಿ ಮೂರೂವರೆ ಪಟ್ಟು ಆಯಿತು. ನಿಲ್ಲಲು 18 ಮೀಟರು ಬೇಕು. ರಸ್ತೆಯು 20ಕ್ಕೆ 1ರಷ್ಟು ಇಳಿಜಾರಾಗಿದ್ದರೆ 42 ಮೀಟರು! ಚಾಲಕನು ಬ್ರೇಕನ್ನು ಎಷ್ಟೇ ಬಲವಾಗಿ ಒತ್ತಿದರೂ ನ್ಯೂಟನ್ನನ ನಿಯಮ ಬದಲಾಗುವುದಿಲ್ಲ. ಬ್ರೇಕುಳ್ಳ ಟ್ರೇಲರಿಗೆ ಸ್ವಲ್ಪ ಹೆಚ್ಚು ಹಣ ಕೊಡುವುದು ದುಂದಲ್ಲ.

ಜಾತ್ರೆಗೆ, ಮದುವೆಗೆ ಹೆಂಗಸರು ಮಕ್ಕಳನ್ನು ಟ್ರೇಲರಿನಲ್ಲಿ ತುಂಬಿಕೊಂಡು ಹೋಗುವುದನ್ನು ನಾವೆಲ್ಲ ಕಂಡಿದ್ದೇವೆ. ಸರಕಿನ ವಾಹನದಲ್ಲಿ ಹೀಗೆ ಜನರನ್ನು ಒಯ್ಯುವುದು ಕಾನೂನಿಗೆ ವಿರುದ್ಧ. ಭೌತಶಾಸ್ತ್ರವೂ ಅದಕ್ಕೆ ಒಪ್ಪುವುದಿಲ್ಲ: ನಿಂತ ಜನರಿಂದ ಗುರುತ್ವಕೇಂದ್ರ ಮೇಲೇರುತ್ತದೆ, ತಿರುವಿನಲ್ಲಿ ಎಲ್ಲರೂ ಒಂದೇ ಪಕ್ಕಕ್ಕೆ ವಾಲುತ್ತಾರೆ, ಟ್ರೇಲರು ಮಗುಚುತ್ತದೆ. ಯಾವ ಒಳ್ಳೆಯ ಟ್ರೇಲರೂ ಇದಕ್ಕೆ ಯೋಗ್ಯವಲ್ಲ.

ಕಾಗದ ಮತ್ತು ಬೆಲೆ

1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಟ್ರೇಲರೂ ಒಂದು ಮೋಟಾರು ವಾಹನವೇ. ನೋಂದಣಿ ಪತ್ರದಲ್ಲಿರುವ ಚಾಸಿ ಸಂಖ್ಯೆಯನ್ನು ಕಬ್ಬಿಣದ ಮೇಲಿನ ಸಂಖ್ಯೆಯೊಡನೆ ಹೋಲಿಸಿರಿ. ಅದರ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿದರೆ ಸಂಖ್ಯೆ ಸ್ಪಷ್ಟವಾಗಿ ಮೂಡುತ್ತದೆ. ಬ್ಯಾಂಕಿನ ಸಾಲ ತೀರಿದೆಯೆ ಎಂದು ನೋಡಿರಿ. ಹೆಸರು ವರ್ಗಾವಣೆಗೆ 29 ಮತ್ತು 30ನೆಯ ನಮೂನೆಗಳಿವೆ. ಒಂದೇ ರಾಜ್ಯದೊಳಗಿನ ಮಾರಾಟವನ್ನು ಮಾರಿದವನು 14 ದಿನಗಳೊಳಗೆ, ಕೊಂಡವನು 30 ದಿನಗಳೊಳಗೆ ತಿಳಿಸಬೇಕು.

ಇನ್ನು ಬೆಲೆ. ಮಾರುವವನು ಹೇಳಿದ ಬೆಲೆಗೆ ದುರಸ್ತಿಯ ಖರ್ಚನ್ನು ಕೂಡಿಸಿದರೆ ಬರುವುದೇ ನಿಜವಾದ ಬೆಲೆ. ಉದಾಹರಣೆಗಾಗಿ, 80,000 ರೂಪಾಯಿಯ ಟ್ರೇಲರಿಗೆ ಟೈರು ಮತ್ತು ಅಚ್ಚಿನ ಕೆಲಸಕ್ಕೆ 40,000 ಬೇಕಾದರೆ ಅದು 1,20,000ದ ಟ್ರೇಲರು. 1,05,000ದ ಟ್ರೇಲರಿಗೆ ಗ್ರೀಸು, ಬಣ್ಣ, ಹಿಂದೆ ಕೆಂಪು ಪ್ರತಿಫಲಕ ಪಟ್ಟಿ ಎಲ್ಲ ಸೇರಿ 7,000 ಸಾಕಾದರೆ ಅದು 1,12,000ದ ಟ್ರೇಲರು.

ಅಂದು ಕಣಕಟ್ಟೆಯಲ್ಲಿ ಕೆಂಪು ಬಣ್ಣದ ಟ್ರೇಲರಿಗೆ ಹಗ್ಗ ಹಿಡಿದಾಗ ಬಲಗಾಲಿಗೂ ಎಡಗಾಲಿಗೂ ನಾಲ್ಕು ಬೆರಳು ವ್ಯತ್ಯಾಸ ಬಂದಿತು. ಅಯಸ್ಕಾಂತವು ಎರಡು ಕಡೆ ಜಾರಿ ಬಿದ್ದಿತು. ಮಾರುವವರು ಏನನ್ನೋ ಹೇಳಹೊರಟು ಸುಮ್ಮನಾದರು. ಬಣ್ಣಗೆಟ್ಟ ಟ್ರೇಲರಿನ ಅಳತೆಗಳೆಲ್ಲ ಸರಿಯಾಗಿದ್ದವು. ಒಂದು ಬೇರಿಂಗು ಮಾತ್ರ ಸದ್ದು ಮಾಡುತ್ತಿತ್ತು. ವಿದ್ಯಾರ್ಥಿಯ ತಂದೆ ಅದನ್ನೇ ಕೊಂಡರು. ಹಗ್ಗದ ಇನ್ನೊಂದು ತುದಿಯನ್ನು ಹಿಡಿದಿದ್ದವನು ಅವರ ಮಗ. ತರಗತಿಯಲ್ಲಿ ಸಮದ್ವಿಬಾಹು ತ್ರಿಭುಜ ಏಕೆಂದು ಕೇಳುತ್ತಿದ್ದವನು ಅಂದಿನಿಂದ ಹಾಗೆ ಕೇಳಲಿಲ್ಲ. ನಿಮ್ಮ ಮನೆಯಲ್ಲಿಯೂ ಹಳೆಯ ಟ್ರೇಲರೊಂದನ್ನು ಕೊಳ್ಳುವ ಮಾತು ಬಂದರೆ ಹಿರಿಯರೊಡನೆ ನೀವೂ ಹೋಗಿರಿ. ಹಗ್ಗವನ್ನು ಮಾತ್ರ ಮರೆಯಬೇಡಿರಿ.