ಐವತ್ತೆರಡು ಎಲೆಯ ಕಣ್ಕಟ್ಟು

ತೆಲಂಗಾಣದ ಜಹೀರಾಬಾದ್ ಬಳಿಯ ಪಸ್ತಾಪುರದ ಸೀಮೆಯಲ್ಲಿ ಇಸ್ಪೀಟಿಗೆ ಹೆಸರು ಮೂರು. ಕನ್ನಡದವರಿಗೆ ಅದು ಎಲೆ, ದಖನಿ ಮಾತಾಡುವವರಿಗೆ ಪತ್ತೆ, ತೆಲುಗಿನವರಿಗೆ ಪೇಕ. ಜಹೀರಾಬಾದ್, ನಾರಾಯಣಖೇಡ 1956ರವರೆಗೆ ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲಬರ್ಗಾದಲ್ಲಿ. ಹಾಗಾಗಿ ಒಂದೇ ಆಟ ಮುಗಿಯುವುದರೊಳಗೆ ಮೂರೂ ಭಾಷೆ ಬಂದುಹೋದರೆ ಅಚ್ಚರಿಯಿಲ್ಲ. ಎಲೆಯನ್ನು ಮಾಯ ಮಾಡುವ ವಿದ್ಯೆಗೆ ಮಾತ್ರ ಕನ್ನಡ, ತೆಲುಗು ಎರಡೂ ಹೆಚ್ಚುಕಡಿಮೆ ಒಂದೇ ಮಾತನ್ನು ಇಟ್ಟುಕೊಂಡಿವೆ. ನಮ್ಮದು ಕಣ್ಕಟ್ಟು, ಅವರದು ಕನಿಕಟ್ಟು.

ನಮ್ಮಲ್ಲಿ ಕೈಚಳಕ ಅಂತಲೂ ಅನ್ನುತ್ತಾರೆ. ಚಳಕ ಅಂದಕೂಡಲೇ ಕೈ ಕಣ್ಣಿಗಿಂತ ಬೇಗ ಓಡುತ್ತದೆ ಎಂಬ ಕಲ್ಪನೆ ಬರುತ್ತದೆ. ಹಳೆಯ ಮಾತು ಇದಕ್ಕಿಂತ ಜಾಣತನದ್ದು: ಹಸ್ತಲಾಘವ. ವಾತ್ಸ್ಯಾಯನ ಕಾಮಸೂತ್ರದ 64 ಕಲೆಗಳಲ್ಲಿ ಇಂದ್ರಜಾಲವನ್ನು ಬೇರೆ, ಹಸ್ತಲಾಘವವನ್ನು ಬೇರೆ ಎಣಿಸಿದ್ದಾನೆ. ಲಾಘವ ಅಂದರೆ ಹಗುರ. ಫ್ರೆಂಚರು ಈ ವಿದ್ಯೆಗೆ ಇಟ್ಟ ಹೆಸರಿನ ಅರ್ಥವೂ 'ಹಗುರ ಕೈ' ಅಂತಲೇ.

ಹಗುರಕ್ಕೂ ಬೇಗಕ್ಕೂ ಇರುವ ಅಂತರ ನನಗೆ ತಿಳಿದದ್ದು ಜಾತ್ರೆಯೊಂದರಲ್ಲಿ, ಅಕ್ಕ ಬಳೆಗೆಂದು ಕೊಟ್ಟಿದ್ದ ಹತ್ತು ರೂಪಾಯಿ ಹೋದಮೇಲೆ. ನೆಲಕ್ಕೆ ಹಾಸಿದ ಗೋಣಿಚೀಲ, ಅದರ ಮೇಲೆ ಮೂರು ಎಲೆ, ಮೂರರಲ್ಲಿ ಒಂದು ರಾಣಿ. ರಾಣಿ ಎಲ್ಲಿದೆ ಅಂತ ತೋರಿಸಿದರೆ ಇಟ್ಟದ್ದರ ದುಪ್ಪಟ್ಟು. "ಛಂದ್ ನೋಡೋ ತಮ್ಮಾ" ಎನ್ನುತ್ತ ಅವನು ಎಲೆಗಳನ್ನು ಒಂದೊಂದಾಗಿ ಹಾಕಿದ. ಅವಸರವೇ ಇಲ್ಲ, ಹೆಂಗಸರು ಹಪ್ಪಳ ಒಣಹಾಕಿದ ಹಾಗೆ. ನಾನು ಕಣ್ಣು ಪಿಳುಕಿಸದೆ ನೋಡಿದೆ. ಬೆರಳಿಟ್ಟದ್ದು ಎಂಟರ ಮೇಲೆ.

ಅವನು ಮಾಡಿದ್ದೇನೆಂದು ಗೊತ್ತಾಗಲು ಎಷ್ಟೋ ವರ್ಷ ಬೇಕಾಯಿತು. ಬಲಗೈಯಲ್ಲಿ ಎರಡು ಎಲೆ ಇರುತ್ತವೆ, ಒಂದರ ಕೆಳಗೊಂದು. ಕೆಳಗಿನದು ರಾಣಿ. ಕೈ ಬೀಸಿದಾಗ ಕೆಳಗಿನದೇ ಮೊದಲು ಬೀಳಬೇಕೆಂದು ಕಣ್ಣು ನಂಬಿಬಿಟ್ಟಿರುತ್ತದೆ, ಮೊದಲ ನಾಲ್ಕಾರು ಸಲ ಬೀಳುವುದೂ ಅದೇ. ದುಡ್ಡು ಬಿದ್ದ ಸಲ ಮಾತ್ರ ಅದೇ ಬೀಸಿನಲ್ಲಿ ಮೇಲಿನದು ಜಾರುತ್ತದೆ. ಕೈ ಓಡಿದ್ದರೆ ನಾನು ಸಂಶಯಪಡುತ್ತಿದ್ದೆ.

ಅರ್ಜೆಂಟೀನಾದ ರೆನೆ ಲಾವಾಂದ್ (1928–2015) ಒಂಬತ್ತನೇ ವಯಸ್ಸಿನಲ್ಲೇ ಬಲಗೈ ಕಳೆದುಕೊಂಡವರು. ಉಳಿದ ಎಡಗೈಯಲ್ಲೇ ಇಸ್ಪೀಟು ಕಲಿತು, ಇದಕ್ಕಿಂತ ನಿಧಾನ ಸಾಧ್ಯವಿಲ್ಲ ಅಂತ ಹೇಳಿಹೇಳಿಯೇ ಎಲೆ ಬದಲಾಯಿಸುತ್ತಿದ್ದರು. ಅವರ ವಿಡಿಯೊ ನೋಡಿದಾಗೆಲ್ಲ ನನಗೆ ಆ ಗೋಣಿಚೀಲದವನು ನೆನಪಾಗುತ್ತಾನೆ.

ಈ ಪಟ್ಟುಗಳಲ್ಲಿ ಹೆಚ್ಚಿನವು ಹುಟ್ಟಿದ್ದು ರಂಗದ ಮೇಲಲ್ಲ, ಜೂಜುಕಟ್ಟೆಯಲ್ಲಿ. ಎದುರಿನವನು ಎಲೆ ಕತ್ತರಿಸಿಟ್ಟರೆ ಕತ್ತರಿಸಿದ ಎರಡು ಭಾಗಗಳನ್ನು ಅಂಗೈಯ ಮರೆಯಲ್ಲಿ ಮತ್ತೆ ಮೊದಲಿನಂತೆ ಕೂಡಿಸುವುದು 'ಪಾಸ್'. ಎರಡು ಎಲೆ ಎತ್ತಿ ಒಂದೇ ಅಂತ ತೋರಿಸುವುದು 'ಡಬಲ್ ಲಿಫ್ಟ್'. ಅಡಿಯ ಎಲೆಯನ್ನು ಮೇಲಿನದೆಂಬಂತೆ ಹಂಚುವುದು ಇನ್ನೊಂದು. ಇಂಗ್ಲೆಂಡಿನ ರೆಜಿನಾಲ್ಡ್ ಸ್ಕಾಟ್ 1584ರಲ್ಲೇ ಇಂಥ ಕೆಲವನ್ನು ಬಿಡಿಸಿ ಬರೆದ. ಮಾಟಗಾತಿಯರೆಂದು ಹೆಂಗಸರನ್ನು ಕೊಲ್ಲುತ್ತಿದ್ದ ಕಾಲ ಅದು, ಇದು ಮಾಟವಲ್ಲ, ಬೆರಳಿನ ಕೆಲಸ ಎಂದು ತೋರಿಸುವುದು ಅವನ ಉದ್ದೇಶ. 1902ರಲ್ಲಿ ಷಿಕಾಗೋದಲ್ಲಿ ಎಸ್. ಡಬ್ಲ್ಯು. ಅರ್ಡ್ನೇಸ್ ಎಂಬ ಹೆಸರಿನಲ್ಲಿ ಬಂದ ಪುಸ್ತಕದ ಮೊದಲರ್ಧ ಜೂಜಿನ ಮೋಸ, ಉಳಿದರ್ಧ ಜಾದೂ. ಬರೆದವನು ಯಾರೆಂಬ ಜಗಳ ಇವತ್ತಿಗೂ ಮುಗಿದಿಲ್ಲ.

ಆ ಪುಸ್ತಕವನ್ನು ಹುಡುಗನಾಗಿದ್ದಾಗಲೇ ಅರೆದು ಕುಡಿದವನು ಕೆನಡಾದ ಡೈ ವರ್ನನ್. ಅಡಿಯ ಎಲೆ ಹಂಚುವುದಕ್ಕೆ ಒಂದು ತೊಡಕಿದೆ. ಯಾರಾದರೂ ಕತ್ತರಿಸಿಟ್ಟರೆ ಅಡಿಯಲ್ಲಿ ಅಡಗಿಸಿದ ಎಲೆಗಳು ನಡುವಿಗೆ ಬಂದುಬಿಡುತ್ತವೆ. ಕಟ್ಟಿನ ನಡುವಿನಿಂದಲೇ ಹಂಚುವ ಮನುಷ್ಯನೊಬ್ಬನಿದ್ದಾನೆ ಎಂದು 1932ರಲ್ಲಿ ಅಮೆರಿಕದ ವಿಚಿಟಾ ಜೈಲಿನಲ್ಲಿದ್ದ ಒಬ್ಬ ಜೂಜುಗಾರನಿಂದ ವರ್ನನ್‌ಗೆ ಗೊತ್ತಾಯಿತು. ಹೆಸರಾಂತ ಜಾದೂಗಾರ ಹೆಸರಿಲ್ಲದ ಮೋಸಗಾರನನ್ನು ಹುಡುಕಿಕೊಂಡು ಹೊರಟ. ಕೊನೆಗೆ ಮಿಸೌರಿಯ ಪ್ಲೆಸೆಂಟ್ ಹಿಲ್ ಎಂಬ ಸಣ್ಣ ಊರಲ್ಲಿ ಅಲೆನ್ ಕೆನಡಿ ಸಿಕ್ಕ. ನಡುವಿನ ಎಲೆ ಹೊರಬಂದರೂ ಬರೀ ಎಲೆ ಹಂಚಿದ ಹಾಗೇ ಕಾಣುತ್ತಿತ್ತಂತೆ. ಹಾಗೆ ಕಾಣಿಸಲು ಅವನು ವರ್ಷಗಟ್ಟಲೆ ಬೆರಳು ಸವೆಸಿದ್ದ. ಗುರುವನ್ನು ಹುಡುಕಿ ಊರೂರು ಅಲೆದವರ ಕಥೆ ನಮಗೆ ಹೊಸದಲ್ಲ, ಗುರು ಮೋಸಗಾರನಾಗಿದ್ದ ಅಷ್ಟೆ.

ನಮ್ಮಲ್ಲಿ ಎಲೆಯೂ ಇತ್ತು, ಜೂಜೂ ಇತ್ತು. ಬಾಬರ್ 1527ರಲ್ಲಿ ಗೆಳೆಯನಿಗೆ ಗಂಜೀಫಾ ಎಂಬ ಆಟದ ಎಲೆಗಳನ್ನು ಕಳಿಸಿದ್ದನ್ನು ಬರೆದಿಟ್ಟಿದ್ದಾನೆ. ತೆಲಂಗಾಣದ ನಿರ್ಮಲದ ಚಿತ್ರಗಾರರು ಗಂಜೀಫಾ ಬರೆದರು. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸಹೊಸ ಆಟಗಳನ್ನೇ ಕಟ್ಟಿದರು. ದಶಾವತಾರ ಗಂಜೀಫಾದ ಕಟ್ಟಿನಲ್ಲಿ 120 ಎಲೆ. ಆದರೂ ಗಾರುಡಿಗರ ಹೆಸರು ನಿಂತದ್ದು ಬಟ್ಟಲು, ಗುಂಡುಗಳ ಆಟದಲ್ಲಿ. ಇದಕ್ಕೆ ನನ್ನದೊಂದು ಊಹೆಯಿದೆ. ಎಲೆಯನ್ನು ಅಂಗೈಯಲ್ಲಿ ಬಚ್ಚಿಡುವವನು ಅದರ ಎದುರುಬದುರು ಮೂಲೆಗಳನ್ನು ಕಿರುಬೆರಳಿಗೂ ಹೆಬ್ಬೆರಳ ಬುಡಕ್ಕೂ ಒತ್ತಿ ಹಿಡಿಯುತ್ತಾನೆ. ಗಂಜೀಫಾ ಎಲೆ ಹೆಚ್ಚಾಗಿ ದುಂಡಗೆ, ಮೇಲೆ ಅರಗಿನ ಹೊಳಪು, ಬಾಗುವುದಿಲ್ಲ. ಹಿಡಿಯಲು ಮೂಲೆಯೇ ಇಲ್ಲ. ಬಾಗುವ ಕಾಗದದ ಎಲೆ ಬಂದಮೇಲೆ ಈ ವಿದ್ಯೆ ನಮ್ಮ ಜಾತ್ರೆಗಳಿಗೆ ಇಳಿದಿರಬೇಕು.

ಕಾನೂನಿಗೂ ಈ ಕೈಯ ಬಗ್ಗೆ ಕುತೂಹಲ. ಸಿಕಂದರಾಬಾದಿನ ಕ್ಲಬ್ಬೊಂದರ ಮೇಲೆ ಪೊಲೀಸರು ಹೂಡಿದ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿ, ರಮ್ಮಿಯಲ್ಲಿ ಬಿದ್ದ ಎಲೆಗಳ ನೆನಪು ಬೇಕು, ಅದು ಕೌಶಲದ ಆಟ ಎಂದು 1967ರಲ್ಲಿ ತೀರ್ಪಾಯಿತು. 2017ರಲ್ಲಿ ತೆಲಂಗಾಣ ಸರ್ಕಾರ ಜೂಜಿನ ಕಾನೂನಿನಿಂದ ಕೌಶಲದ ಆಟಗಳಿಗಿದ್ದ ವಿನಾಯಿತಿಯನ್ನೇ ತೆಗೆದುಹಾಕಿತು. ಕೋರ್ಟು 1967ರ ಅದೇ ತೀರ್ಪಿನಲ್ಲಿ ಮೂರೆಲೆ ಆಟವನ್ನು ಬರೀ ಅದೃಷ್ಟದ್ದು ಎಂದಿತ್ತು. ಅದು ಬೇರೆ ಮೂರೆಲೆ. ಗೋಣಿಚೀಲದ ಮೇಲಿನ ಮೂರೆಲೆಯಲ್ಲಿ ಅದೃಷ್ಟಕ್ಕೆ ಜಾಗವೇ ಇರಲಿಲ್ಲ, ಇದ್ದದ್ದೆಲ್ಲ ಕೌಶಲ, ಅದೂ ಪೂರ್ತಿ ಅವನದೇ.