ಬೆರಳು ಅರಿತದ್ದನ್ನು ಕಣ್ಣು ಅರಿಯುವುದು ಹೇಗೆ?

ಇಂದು ರಾತ್ರಿ ಮನೆಯಲ್ಲಿ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಜೇಬಿನಲ್ಲಿ ಒಂದು ಬೀಗದ ಕೈ, ಒಂದು ನಾಣ್ಯ, ಒಂದು ಹುಣಸೆ ಬೀಜ ಹಾಕಿಕೊಳ್ಳಿ. ನೋಡದೆಯೇ ಕೈ ಹಾಕಿ ಬೀಜವನ್ನು ಮಾತ್ರ ಹೊರಗೆ ತೆಗೆಯಿರಿ. ಸುಲಭ, ಅಲ್ಲವೇ? ಬೆರಳು ಮುಟ್ಟಿದ್ದೂ ಕಣ್ಣು ನೋಡಿದ್ದೂ ಒಂದೇ ವಸ್ತು ಎಂಬುದರಲ್ಲಿ ನಮಗೆ ಅನುಮಾನವೇ ಬರುವುದಿಲ್ಲ. ಆದರೆ ಇದು ಹುಟ್ಟಿನಿಂದಲೇ ಬಂದ ಜ್ಞಾನವೇ, ಮೆದುಳು ಕಲಿತುಕೊಂಡದ್ದೇ? ಈ ಪ್ರಶ್ನೆಗೆ ನಿಮ್ಮ ಮನೆಯ ತೊಟ್ಟಿಲಿನೊಂದಿಗೆ ಸಂಬಂಧವಿದೆ.

ಕೆಲವು ವರ್ಷಗಳ ಹಿಂದೆ ತೋವಿನಕೆರೆಯ ನನ್ನ ದವಾಖಾನೆಗೆ ಎಂಟು ವರ್ಷದ ಹುಡುಗಿಯೊಬ್ಬಳನ್ನು ಕೆಮ್ಮಿನ ಔಷಧಿಗೆಂದು ಕರೆತಂದಿದ್ದರು. ಅವಳ ಎರಡೂ ಕಣ್ಣುಗಳ ಪಾಪೆಯಲ್ಲಿ ಬಿಳಿ ಪೊರೆ. ಮೇಜಿನ ಮೇಲಿದ್ದ ಹಿತ್ತಾಳೆಯ ಕುಟ್ಟಾಣಿಯನ್ನು ಬೆರಳಿನಿಂದ ಸವರಿ ತಕ್ಷಣ ಹೆಸರು ಹೇಳಿದಳು. ಮೊದಲೇ ಯಾಕೆ ತೋರಿಸಲಿಲ್ಲ ಎಂದು ಕೇಳಿದೆ. “ಚಿಲ್ಲಾ ಮುಗಿಯಲಿ ಎಂದರು. ಆಮೇಲೆ ಮಗು ಸ್ವಲ್ಪ ದೊಡ್ಡದಾಗಲಿ ಎಂದರು” ಎಂದರು ತಾಯಿ. ಬೆಂಗಳೂರಿನ ಕಣ್ಣಿನ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆ ಆಯಿತು. ನಾಲ್ಕನೆಯ ದಿನ ಅವಳನ್ನು ಮತ್ತೆ ಕರೆತಂದರು. ಹುಡುಗಿ ಅದೇ ಕುಟ್ಟಾಣಿಯನ್ನು ನೋಡಿ ಸುಮ್ಮನೆ ನಿಂತಳು. ಮುಟ್ಟಿದ ಮೇಲೆಯೇ ಹೆಸರು ಬಾಯಿಗೆ ಬಂತು. “ಆಪರೇಷನ್ ಕೆಟ್ಟುಹೋಯಿತಾ ಡಾಕ್ಟ್ರೇ?” ಎಂದು ತಾಯಿ ಅತ್ತುಬಿಟ್ಟರು.

ಕೆಟ್ಟಿರಲಿಲ್ಲ. ಕಣ್ಣು ತೆರೆದಿತ್ತು. ಮೆದುಳು ನೋಡುವುದನ್ನು ಇನ್ನೂ ಕಲಿಯಬೇಕಿತ್ತು.

ಹಳೆಯ ಪ್ರಶ್ನೆ, ಹೊಸ ಉತ್ತರ

ಯುನಾನಿ ವಿದ್ಯಾರ್ಥಿಗಳಾದ ನಾವು ಓದುವ ಪಾಠಗಳಲ್ಲಿ ಸ್ಪರ್ಶಕ್ಕೆ ‘ಕುವ್ವತೆ ಲಾಮಿಸಾ’, ದೃಷ್ಟಿಗೆ ‘ಕುವ್ವತೆ ಬಾಸಿರಾ’ ಎಂಬ ಹೆಸರುಗಳಿವೆ. ಐದೂ ಇಂದ್ರಿಯಗಳ ಸುದ್ದಿ ಬಂದು ಸೇರುವ ಶಕ್ತಿಯನ್ನು ಇಬ್ನ್ ಸೀನಾ ‘ಹಿಸ್ಸೆ ಮುಷ್ತರಕ್’ ಎಂದು ಕರೆದರು. ಅದರ ಜಾಗ ಮೆದುಳಿನ ಮುಂಭಾಗ ಎಂದರು. ಇಂದು ನಮಗೆ ತಿಳಿದಿರುವಂತೆ ದೃಷ್ಟಿಯ ಮುಖ್ಯ ಕೇಂದ್ರ ತಲೆಯ ಹಿಂಬದಿಯಲ್ಲಿದೆ. ಸ್ಪರ್ಶದ್ದು ಮೆದುಳಿನ ಮೇಲ್ಭಾಗದಲ್ಲಿ ಕಿವಿಯಿಂದ ಕಿವಿಗೆ ಪಟ್ಟಿಯಂತೆ ಹಾದುಹೋಗುತ್ತದೆ. ಅವೆರಡೂ ಹಲವು ಜಾಗಗಳಲ್ಲಿ ಮಾತಾಡಿಕೊಳ್ಳುತ್ತವೆ. ಇಬ್ನ್ ಸೀನಾ ಹೇಳಿದ ಜಾಗ ಸರಿಯಿರಲಿಲ್ಲ. ಆದರೆ ಅವರು ಎತ್ತಿದ ಪ್ರಶ್ನೆ ಸರಿಯಾಗಿತ್ತು.

1688ರಲ್ಲಿ ಐರ್ಲೆಂಡಿನ ವಿಲಿಯಂ ಮಾಲಿನ್ಯೂ ಎಂಬ ವಿದ್ವಾಂಸರು ದಾರ್ಶನಿಕ ಜಾನ್ ಲಾಕ್ ಅವರಿಗೆ ಪತ್ರ ಬರೆದು ಹೀಗೆ ಕೇಳಿದರು: ಹುಟ್ಟುಗುರುಡನೊಬ್ಬ ಮುಟ್ಟಿ ಗೋಲ ಯಾವುದು, ಘನ ಯಾವುದು ಎಂದು ಬಲ್ಲ. ಅವನಿಗೆ ದೃಷ್ಟಿ ಬಂದರೆ ನೋಡಿದೊಡನೆ ಗುರುತಿಸುವನೇ?

ಇದಕ್ಕೆ ನಂಬಬಹುದಾದ ಉತ್ತರ ಬಂದದ್ದು 2011ರಲ್ಲಿ, ನಮ್ಮ ದೇಶದ ಮಕ್ಕಳಿಂದ. ಅಮೆರಿಕದ ಎಂ.ಐ.ಟಿ.ಯ ಪವನ್ ಸಿನ್ಹಾ ಅವರ ‘ಪ್ರಾಜೆಕ್ಟ್ ಪ್ರಕಾಶ್’ ಯೋಜನೆಯಲ್ಲಿ, ಹುಟ್ಟಿನಿಂದ ಕಾಣದಿದ್ದ ಮಕ್ಕಳಿಗೆ ದೆಹಲಿಯಲ್ಲಿ ಚಿಕಿತ್ಸೆ ಕೊಡಿಸಿದರು. ಅವರಲ್ಲಿ 8ರಿಂದ 17 ವರ್ಷದ ಐವರನ್ನು, ದೃಷ್ಟಿ ಬಂದ ಎರಡೇ ದಿನಗಳೊಳಗೆ ಆಟಿಕೆಯಂತಹ ಆಕಾರಗಳಿಂದ ಪರೀಕ್ಷಿಸಿದರು. ಮುಟ್ಟಿದ್ದನ್ನು ಮತ್ತೆ ಮುಟ್ಟಿ ಗುರುತಿಸಿದರು. ನೋಡಿದ್ದನ್ನು ಮತ್ತೆ ನೋಡಿ ಗುರುತಿಸಿದರು. ಮುಟ್ಟಿದ್ದನ್ನು ನೋಡಿ ಗುರುತಿಸಲು ಹೇಳಿದಾಗ ಮಾತ್ರ, ಊಹೆಯಿಂದ ಹೇಳಿದ್ದಕ್ಕಿಂತ ಹೆಚ್ಚೇನೂ ಸರಿಯಾಗಲಿಲ್ಲ. ಆದರೆ ಮುಂದೆ ಮತ್ತೆ ಪರೀಕ್ಷಿಸಿದ ಮಕ್ಕಳಲ್ಲಿ, ಯಾರೂ ಕಲಿಸದೆಯೇ, ಕೆಲವೇ ದಿನಗಳಲ್ಲಿ ಒಳ್ಳೆಯ ಸುಧಾರಣೆ ಕಂಡಿತು. ಬೆರಳಿನ ಜ್ಞಾನವನ್ನು ಕಣ್ಣು ಬೇಗನೆ ಕಲಿಯುತ್ತದೆ, ಆದರೆ ಕಲಿತೇ ಪಡೆಯಬೇಕು ಎಂದು ಇದರಿಂದ ತಿಳಿಯಿತು.

ಕಾಣದವರ ಮೆದುಳಿನಲ್ಲಿ ದೃಷ್ಟಿಯ ಜಾಗ ಖಾಲಿ ಬಿದ್ದಿರುವುದಿಲ್ಲ. ಬಾಲ್ಯದಿಂದ ದೃಷ್ಟಿಯಿಲ್ಲದವರು ಬ್ರೈಲ್ ಅಕ್ಷರಗಳ ಮೇಲೆ ಬೆರಳಾಡಿಸುವಾಗ ತಲೆಯ ಹಿಂಬದಿಯ ದೃಷ್ಟಿ ಕೇಂದ್ರವೇ ಚುರುಕಾಗುವುದನ್ನು 1996ರಲ್ಲಿ ಸ್ಕ್ಯಾನ್ ಮೂಲಕ ಕಂಡರು. ಮರುವರ್ಷ, ಅದೇ ಜಾಗಕ್ಕೆ ತಲೆಯ ಹೊರಗಿನಿಂದ ಕಾಂತೀಯ ಮಿಡಿತ ಕೊಟ್ಟಾಗ ಓದು ತಪ್ಪತೊಡಗಿತು. ಹಾಗಾದರೆ ದೃಷ್ಟಿಗೆಂದು ಇದ್ದ ಜಾಗವನ್ನು ಮೆದುಳು ಸ್ಪರ್ಶಕ್ಕೆ ಕೊಟ್ಟುಬಿಟ್ಟಿತ್ತು. ಬ್ರೈಲ್ ಓದುವವರಿಗೆ ಇದು ವರ. ಪೊರೆ ತೆಗೆಸಿದರೆ ಕಾಣಬಹುದಾದ ಕೂಸಿಗೆ ಮಾತ್ರ ತಡವಾದಷ್ಟೂ ನಷ್ಟ.

ತಲೆ ತೆರೆಯದೆ ನೋಡುವುದು

‘ಮೆದುಳಿನ ಪರೀಕ್ಷೆ’ ಎಂದರೆ ಹೆದರುವವರು ಹೆಚ್ಚು. ಇ.ಇ.ಜಿ.ಯಲ್ಲಿ ನೆತ್ತಿಯ ಮೇಲೆ ಪುಟ್ಟ ಬಿಲ್ಲೆಗಳನ್ನಿಟ್ಟು ಮೆದುಳಿನ ಸೂಕ್ಷ್ಮ ವಿದ್ಯುತ್ತನ್ನು ಬರೆದುಕೊಳ್ಳುತ್ತಾರೆ. ದೇಹದೊಳಗೆ ಏನನ್ನೂ ಕಳಿಸುವುದಿಲ್ಲ. ಫಂಕ್ಷನಲ್ ಎಂ.ಆರ್.ಐ.ಯಲ್ಲಿ ಮೆದುಳಿನ ಯಾವ ಭಾಗಕ್ಕೆ ರಕ್ತ ಹೆಚ್ಚು ಹರಿಯುತ್ತಿದೆ ಎಂದು ಕಾಂತದ ನೆರವಿನಿಂದ ನೋಡುತ್ತಾರೆ. ಎಕ್ಸ್-ರೇ ಕಿರಣ ಇದರಲ್ಲಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ನಗರದ ಹಿರಿಯರಿಗೆ ಪರದೆಯ ಮೇಲೆ ಕಪ್ಪು-ಬಿಳುಪು ಪಟ್ಟೆಗಳನ್ನು ತೋರಿಸಿ ಇ.ಇ.ಜಿ. ತೆಗೆದರು. ಮರೆವಿನ ಕಾಯಿಲೆಯ ಆರಂಭದಲ್ಲಿದ್ದವರಲ್ಲಿ, ನೋಡುವಾಗ ಏಳುವ ‘ಗಾಮಾ’ ಅಲೆಗಳು ಅದೇ ವಯಸ್ಸಿನ ಆರೋಗ್ಯವಂತರಿಗಿಂತ ಕ್ಷೀಣವಾಗಿದ್ದವು ಎಂದು 2021ರಲ್ಲಿ ಪ್ರಕಟಿಸಿದರು. ಬರೀ ನೋಡುತ್ತಾ ಕುಳಿತವರಿಂದ ಇಷ್ಟು ತಿಳಿಯಿತು.

ನಿಮ್ಮ ಮನೆಯವರಿಗೆ ಇಂತಹ ಪರೀಕ್ಷೆ ಬರೆದುಕೊಟ್ಟರೆ ಇಷ್ಟು ನೆನಪಿರಲಿ. ಇ.ಇ.ಜಿ.ಗೆ ಮುನ್ನ ತಲೆಗೆ ಎಣ್ಣೆ ಹಚ್ಚದೆ ಸ್ನಾನ ಮಾಡಿಸಿ. ಅಂಟಿಸಲು ಹಚ್ಚುವ ಜೆಲ್ ತೊಳೆದರೆ ಹೋಗುತ್ತದೆ, ವುಝೂ-ಗುಸ್ಲ್‌ನ ಚಿಂತೆ ಬೇಡ. ಎಂ.ಆರ್.ಐ.ಗೆ ಮುನ್ನ ಸ್ಕಾರ್ಫಿನ ಪಿನ್ನು, ಬಳೆ, ಲೋಹದ ತಾಯತ ತೆಗೆಯಿರಿ, ಸುರ್ಮಾ ಹಚ್ಚಬೇಡಿ. ಪೇಸ್‌ಮೇಕರ್ ಅಥವಾ ದೇಹದೊಳಗೆ ಲೋಹದ ಚೂರಿದ್ದರೆ ಮೊದಲೇ ಹೇಳಿ.

ನೀವು ಮಾಡಬೇಕಾದದ್ದು

ಕೂಸಿನ ಪಾಪೆಯಲ್ಲಿ ಬಿಳಿ ಕಂಡರೆ, ಮೊಬೈಲ್ ಫ್ಲ್ಯಾಶ್‌ನಲ್ಲಿ ತೆಗೆದ ಚಿತ್ರಗಳಲ್ಲಿ ಒಂದು ಕಣ್ಣು ಮತ್ತೆ ಮತ್ತೆ ಬೆಳ್ಳಗೆ ಬಂದರೆ, ಮೂರು ತಿಂಗಳಾದರೂ ಮಗು ಮುಖ ನೋಡಿ ನಗದಿದ್ದರೆ, ಅದೇ ವಾರ ಕಣ್ಣಿನ ವೈದ್ಯರ ಬಳಿ ಹೋಗಿ. ದಟ್ಟ ಪೊರೆಯಾದರೆ ಮೊದಲ ಎರಡು ತಿಂಗಳೊಳಗಿನ ಶಸ್ತ್ರಚಿಕಿತ್ಸೆಯೇ ಅತಿ ಹೆಚ್ಚು ಫಲ ಕೊಡುತ್ತದೆ. ಚಿಲ್ಲಾದ ನಲವತ್ತು ದಿನ ಕಾದರೆ ಆ ಅವಧಿಯ ಬಹುಪಾಲು ಕಳೆದೇಹೋಗುತ್ತದೆ. ಬಾಣಂತಿ ಮನೆಯಲ್ಲೇ ಇರಲಿ. ಮಗುವನ್ನು ತಂದೆಯೋ ಅಜ್ಜಿಯೋ ಕರೆದೊಯ್ಯಬಹುದು. ಪಾಪೆಯ ಬಿಳುಪು ಕೆಲವೊಮ್ಮೆ ಕಣ್ಣಿನ ಕ್ಯಾನ್ಸರ್‌ನ ಗುರುತೂ ಆಗಿರಬಹುದು. ಆದ್ದರಿಂದ ತಡ ಬೇಡವೇ ಬೇಡ.

ಜೇನು, ಗಿಡಮೂಲಿಕೆಯ ರಸ, ಸುರ್ಮಾ ಯಾವುದನ್ನೂ ಕೂಸಿನ ಕಣ್ಣಿಗೆ ಹಾಕಬೇಡಿ. ಎಷ್ಟೋ ಸುರ್ಮಾಗಳಲ್ಲಿ ಸೀಸವಿರುತ್ತದೆ. ಅದು ಬೆಳೆಯುವ ಮೆದುಳಿಗೆ ವಿಷ. ಹುಟ್ಟಿನಿಂದ ಬಂದ ಪೊರೆಯನ್ನು ಕರಗಿಸುವ ಔಷಧಿ ನನ್ನ ಕಪಾಟಿನಲ್ಲಿಲ್ಲ ಎಂದು ಯುನಾನಿ ವೈದ್ಯನಾಗಿ ನಾನೇ ಹೇಳುತ್ತಿದ್ದೇನೆ.

ಗರ್ಭಿಣಿಗೆ ರುಬೆಲ್ಲಾ ತಗುಲಿದರೆ ಮಗು ಪೊರೆಯೊಂದಿಗೆ ಹುಟ್ಟಬಹುದು. ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ 2017ರ ಫೆಬ್ರವರಿಯಲ್ಲಿ ಮೊದಲು ಆರಂಭವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆಗ ಹಬ್ಬಿದ ವದಂತಿಗಳನ್ನು ಕೇಳಿ ಹಿಂಜರಿದ ಮನೆಗಳಿದ್ದವು. ಈಗ 9 ತಿಂಗಳು ತುಂಬಿದ ಮೇಲೆ ಒಮ್ಮೆ, 16ರಿಂದ 24 ತಿಂಗಳೊಳಗೆ ಇನ್ನೊಮ್ಮೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಇದನ್ನು ಉಚಿತವಾಗಿ ಕೊಡುತ್ತಾರೆ. ಹುಟ್ಟಿನ ಪೊರೆಯ ಪತ್ತೆ ಮತ್ತು ಚಿಕಿತ್ಸೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸೇರಿದೆ. ಖರ್ಚಿಗೆ ಹೆದರಿ ಕೂರಬೇಡಿ, ಆಶಾ ಕಾರ್ಯಕರ್ತೆಯನ್ನು ಕೇಳಿ.

ಆ ಹುಡುಗಿ ಈಗ ಕುಟ್ಟಾಣಿಯನ್ನು ದೂರದಿಂದಲೇ ಗುರುತಿಸುತ್ತಾಳೆ. ತಾಯಿಯ ಮುಖವನ್ನೂ. ಆದರೆ ಶಾಲೆಯಲ್ಲಿ ಮುಂದಿನ ಸಾಲಿನಲ್ಲಿ ಕುಳಿತರೂ ಬೋರ್ಡಿನ ಸಣ್ಣ ಅಕ್ಷರ ಅವಳಿಗೆ ಕಾಣುವುದಿಲ್ಲ. ಎಂಟು ವರ್ಷ ತಡವಾದದ್ದಕ್ಕೆ ಅಷ್ಟು ದೃಷ್ಟಿ ಹೋಯಿತು. ಈ ಪುಟ ಮಡಿಸುವ ಮುನ್ನ, ಮನೆಯಲ್ಲಿ ಕೂಸಿದ್ದರೆ ಅದನ್ನು ಬೆಳಕಿಗೆ ಕರೆತಂದು ಕಣ್ಣನ್ನೊಮ್ಮೆ ನೋಡಿ.